ಕೀಲಿಕೈ ಯಾರ ಕೈಯಲ್ಲಿ?
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)

 

ಪ್ರಾಥಮಿಕ ಶಾಲೆಗಳಿಗೆ ಕಂಪ್ಯೂಟರ್ ಕೊಡಿಸುವ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಟ್ರಸ್ಟಿನವರು ಕೇಳಿದ್ದಾರೆ. ಕಂಪ್ಯೂಟರ್ ಬಂದರೆ ಮಕ್ಕಳು ಜಾಣರಾಗುತ್ತಾರೆ ಎಂದು ಹೇಳಿ ಕುಳಿತುಕೊಂಡರೆ ಚಪ್ಪಾಳೆ ಸಿಗುತ್ತದೆ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದ ನಾವು ಕಂಡದ್ದು ಅಷ್ಟು ಸರಳವಾಗಿಲ್ಲ.

ನಮ್ಮ ಶಾಲೆಗೂ ಒಮ್ಮೆ ಕಂಪ್ಯೂಟರ್ ಬಂದವು. ಊರ ಹಿರಿಯರನ್ನು ಕರೆಸಿ ಪೇಢಾ ಹಂಚಿದೆವು. ಧೂಳು ಕೂರಬಾರದೆಂದು ಬಟ್ಟೆ ಹೊದಿಸಿ, ಕೋಣೆಗೆ ಕೀಲಿ ಹಾಕಿದೆವು. ಮಕ್ಕಳು ಮುಟ್ಟಿದರೆ ಕೆಡುತ್ತದೆ, ಕೆಟ್ಟರೆ ಮೇಲಿನವರಿಗೆ ಉತ್ತರ ಕೊಡುವವರು ಯಾರು ಎಂಬ ಅಂಜಿಕೆ. ಶನಿವಾರ ಕರೆಂಟು ಇದ್ದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದೆವು. ಒಂದು ದಿನ ಆರನೆಯ ತರಗತಿಯ ಹುಡುಗಿಯನ್ನು "ಏನು ಕಲಿತೆವ್ವಾ?" ಎಂದು ಕೇಳಿದರೆ, "ನೋಡೇನ್ರಿ ಸರ್, ಮುಟ್ಟಿಲ್ರಿ" ಎಂದಳು. ಆ ಕೀಲಿಕೈ ಇಟ್ಟುಕೊಂಡವರಲ್ಲಿ ನಾವೂ ಒಬ್ಬರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಇದು ನಮ್ಮೂರ ಕಥೆ ಮಾತ್ರವೂ ಅಲ್ಲ. ಗುಜರಾತಿನ ವಡೋದರಾದಲ್ಲಿ ನಗರಪಾಲಿಕೆಯ ಶಾಲೆಗಳಿಗೆ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಸಣ್ಣ ಮಕ್ಕಳು ಅವನ್ನು ಬಳಸಿದ್ದು ತೀರ ಕಡಿಮೆ. ಆಮೇಲೆ ಪ್ರಥಮ್ ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳನ್ನು ವಾರಕ್ಕೆ ಎರಡು ತಾಸು, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ ಗಣಿತದ ಆಟ ಆಡಿಸಿದರು. ಮಗುವಿಗೆ ಬರುವಷ್ಟಕ್ಕೆ ತಕ್ಕ ಹಾಗೆ ಲೆಕ್ಕ ಕಠಿಣವಾಗುತ್ತಾ ಹೋಗುವ ಆಟಗಳು ಅವು. ಗಣಿತದ ಅಂಕ ಚೆನ್ನಾಗಿಯೇ ಏರಿತು. ಭಾಷೆಯಲ್ಲಿ ಏರಲಿಲ್ಲ. ಕಾರ್ಯಕ್ರಮ ನಿಂತು ವರ್ಷ ಕಳೆಯುವಷ್ಟರಲ್ಲಿ ಗಣಿತದ ಲಾಭವೂ ಬಹಳಷ್ಟು ಕರಗಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಅತ್ತ ಪೆರು ದೇಶದ ಹಳ್ಳಿಗಳಲ್ಲಿ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪನ್ನೇ ಹಂಚಿದರು. ಗಣಿತ, ಭಾಷೆ ಎರಡರಲ್ಲೂ ಹೆಚ್ಚೇನೂ ಫಲ ಕಾಣಲಿಲ್ಲ.

ಯಂತ್ರ ಕಡಿಮೆ ಇದ್ದರೆ ಏನು ಮಾಡುವುದು? ಒಂದರ ಮುಂದೆ ಐದು ಮಕ್ಕಳು ಕೂತರೆ ಮೌಸು ಒಬ್ಬನ ಕೈಯಲ್ಲಿ, ಉಳಿದವರು ಪ್ರೇಕ್ಷಕರು. ಆ ಒಬ್ಬ ಬಹುತೇಕ ಜೋರು ಹುಡುಗನೇ ಆಗಿರುತ್ತಾನೆ, ಯಾವ ಮಾಸ್ತರರನ್ನಾದರೂ ಕೇಳಿ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಇದಕ್ಕೊಂದು ಉಪಾಯ ಹೂಡಿ, ಒಂದೇ ಕಂಪ್ಯೂಟರಿಗೆ ಐದು ಮೌಸು ಜೋಡಿಸಿದರು. ಹಳ್ಳಿಯ 238 ಬಡ ಮಕ್ಕಳ ಮೇಲೆ ಪರೀಕ್ಷಿಸಿದಾಗ, ಒಟ್ಟಿನಲ್ಲಿ ಐವರು ಕೂಡಿ ಕೂತವರು ಒಬ್ಬೊಬ್ಬರೇ ಕೂತವರಷ್ಟೇ ಇಂಗ್ಲಿಷ್ ಶಬ್ದ ಕಲಿತರು. ಒಂದು ಮೌಸಿನ ಬೆಲೆ ಎಷ್ಟೆಂದು ಅಂಗಡಿ ಇಟ್ಟುಕೊಂಡ ನಮ್ಮ ದಾನಿಗಳಿಗೆ ಗೊತ್ತಿದೆ.

ಆದ್ದರಿಂದ ದಾನಿಗಳಲ್ಲಿ ನಮ್ಮ ವಿನಂತಿ: ಆಫೀಸಿನಲ್ಲಿ ಬೇಡವಾದ ಹಳೆಯ ಪೆಟ್ಟಿಗೆಗಳನ್ನು ಶಾಲೆಗೆ ಸಾಗಿಸಿ ಪುಣ್ಯ ಕಟ್ಟಿಕೊಂಡೆವು ಎನ್ನಬೇಡಿ. ಹತ್ತರ ಬದಲು ನಾಲ್ಕೇ ಕೊಡಿ. ಉಳಿದ ಹಣದಲ್ಲಿ ದಿನಕ್ಕೆ ಎರಡು ತಾಸು ಕೋಣೆ ತೆರೆದಿಟ್ಟು ಮಕ್ಕಳ ಪಕ್ಕ ಕೂರುವ ಒಬ್ಬ ಕಲಿತ ಹುಡುಗಿಗೆ ಸಂಬಳ ಕೊಡಿ. ನಮ್ಮ ಉರ್ದು ಶಾಲೆಯ ಮಕ್ಕಳಿಗೆ ಇದು ಇನ್ನೂ ಅಗತ್ಯ. ಮನೆಯ ಉರ್ದು ಬಲದಿಂದ ಎಡಕ್ಕೆ, ಕನ್ನಡ ಮತ್ತು ಇಂಗ್ಲಿಷ್ ಎಡದಿಂದ ಬಲಕ್ಕೆ. ಪರದೆಯ ಮೇಲೆ ಬಂದದ್ದನ್ನು ಬಿಡಿಸಿ ಹೇಳುವವರು ಬೇಕು.

ಇನ್ನು ತಾಯಿ-ತಂದೆಯರಿಗೆ ಒಂದು ಮಾತು. 2020ರಲ್ಲಿ ಶಾಲೆ ಮುಚ್ಚಿ, ವಿದ್ಯಾಗಮ ಶುರುವಾದಾಗ, ಯಾರ ಮನೆಯಲ್ಲಿ ಫೋನು ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ಮಕ್ಕಳ ಗುಂಪು ಮಾಡಬೇಕಿತ್ತು. ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ "ಐತ್ರಿ" ಎಂದರು, ನಾವು "ಇದೆ" ಎಂದು ಬರೆದುಕೊಂಡೆವು. ವಾರದ ನಂತರ ತಿಳಿಯಿತು: ಫೋನು ಮುಂಜಾನೆ ತಂದೆಯ ಜೊತೆ ಮಗ್ಗಕ್ಕೆ ಹೋಗುತ್ತದೆ, ರಾತ್ರಿ ಬಂದ ಮೇಲೆ ಅಣ್ಣನ ಕೈಗೆ. ನಾಲ್ಕನೆಯ ತರಗತಿಯ ತಂಗಿ ಹಗಲೆಲ್ಲ ತಾಯಿಯೊಡನೆ ನೂಲು ಸುತ್ತಿ ಅಷ್ಟೊತ್ತಿಗೆ ಮಲಗಿರುತ್ತಾಳೆ. ನಮ್ಮ ಪಟ್ಟಿಯಲ್ಲಿ ಮಾತ್ರ ಅವಳು ಫೋನು ಇದ್ದವಳು. ಶಾಲೆ ತೆರೆದಾಗ ಅವಳಿಗೆ ಕೂಡುವ ಲೆಕ್ಕವೂ ಮರೆತಿತ್ತು.

ಅದಕ್ಕೇ ಟ್ರಸ್ಟಿನವರಲ್ಲಿ ಕೇಳಿಕೊಳ್ಳುತ್ತೇವೆ. ಬರುವ ವರ್ಷದ ಅರ್ಜಿಯಲ್ಲಿ "ಮನೆಯಲ್ಲಿ ಮೊಬೈಲ್ ಅಥವಾ ಕಂಪ್ಯೂಟರ್ ಇದೆಯೇ?" ಎಂದಷ್ಟೇ ಕೇಳಬೇಡಿ. ಅದು ಈ ಮಗುವಿನ ಕೈಗೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಅಣ್ಣನಿಗೆ ಎಷ್ಟು, ತಂಗಿಗೆ ಎಷ್ಟು ಎಂದು ಬೇರೆ ಬೇರೆ ಸಾಲು ಮಾಡಿಸಿ. ಹಾಗೆಯೇ, ಈ ಉತ್ತರ ನೋಡಿ ಯಾರ ವಿದ್ಯಾರ್ಥಿವೇತನವನ್ನೂ ಕಡಿಮೆ ಮಾಡುವುದಿಲ್ಲ ಎಂದು ಅದರ ಕೆಳಗೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಆಗ ತಾಯಂದಿರು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ.