ಪರದೇಶಿಯ ಸಂಬಳ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಆ ವಿಷಯವನ್ನು ನೀವು ಪ್ರತಿ ವರ್ಷವೂ ಕೇಳುತ್ತೀರಿ. ಆದ್ದರಿಂದ ಈ ಸಲ ನಾನು ಬಸ್ ಚಾಲಕರ ಒಂದು ಮುಷ್ಕರದ ಕಥೆ ಹೇಳಿ, ಅದರ ಮೂಲಕ ಶಿಕ್ಷಣಕ್ಕೆ ಬರುತ್ತೇನೆ. ದಯವಿಟ್ಟು ಸ್ವಲ್ಪ ಸಹನೆಯಿಂದ ಕೇಳಬೇಕು.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಎರಡೂ ಭಾಷೆಗಳಲ್ಲಿ ಇರುವ ಒಂದು ಪದ ನನ್ನನ್ನು ಯಾವಾಗಲೂ ಕಾಡುತ್ತದೆ. ಅದು 'ಪರದೇಶಿ'. ಉರ್ದುವಿನಲ್ಲಿ ಪರ್ದೇಸಿ ಎಂದರೆ ದೂರ ಹೋದವನು, ಮನೆಯವರು ದಾರಿ ಕಾಯುತ್ತಿರುವವನು. ಆ ಪದದಲ್ಲಿ ಪ್ರೀತಿ ಇದೆ. ಕನ್ನಡದ ಆಡುಮಾತಿನಲ್ಲಿ ಪರದೇಸಿ ಎಂದರೆ ದಿಕ್ಕಿಲ್ಲದವನು, ಕೇಳುವವರಿಲ್ಲದವನು. ಅದನ್ನು ಬೈಗುಳವಾಗಿಯೂ ಬಳಸುತ್ತೇವೆ. ಒಬ್ಬನೇ ಮನುಷ್ಯ ಬಿಟ್ಟುಬಂದ ಊರಿನಲ್ಲಿ ಮೊದಲನೆಯ ಅರ್ಥದ ಪರದೇಶಿ, ಹೋಗಿ ಸೇರಿದ ಊರಿನಲ್ಲಿ ಎರಡನೆಯ ಅರ್ಥದ ಪರದೇಶಿ. ನಮ್ಮ ಸಮುದಾಯದಲ್ಲಿ ಅನೇಕ ಮನೆಗಳಿಂದ ಒಬ್ಬರಾದರೂ ದುಡಿಯಲು ಹೊರದೇಶಕ್ಕೆ ಹೋಗಿದ್ದಾರೆ. ಹಾಗಾಗಿ ಈ ಮಾತು ನಮಗೆ ಬಿಡಿಸಿ ಹೇಳಬೇಕಾದ್ದಲ್ಲ.

ಈಗ ಕಥೆಗೆ ಬರೋಣ. ಸಿಂಗಪುರದ ಹೆಸರು ನೀವೆಲ್ಲ ಕೇಳಿದ್ದೀರಿ. ಶಿಸ್ತಿಗೆ, ಸ್ವಚ್ಛತೆಗೆ, ಸಮಯಕ್ಕೆ ಸರಿಯಾಗಿ ಬರುವ ಬಸ್ಸುಗಳಿಗೆ ಹೆಸರಾದ ಪುಟ್ಟ ದೇಶ. ಅಲ್ಲಿನ ಎಸ್ಎಂಆರ್‌ಟಿ ಎಂಬ ಸಾರಿಗೆ ಸಂಸ್ಥೆಯಲ್ಲಿ 2012ರಲ್ಲಿ ಸುಮಾರು 2,000 ಬಸ್ ಚಾಲಕರಿದ್ದರು. ಅವರಲ್ಲಿ ಸುಮಾರು 450 ಮಂದಿ ಚೀನಾ ದೇಶದಿಂದ ಬಂದವರು. ಸ್ಥಳೀಯರು ಕಡಿಮೆ ಸಂಬಳಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಬಸ್ ಓಡಿಸಲು ಮುಂದೆ ಬರದಿದ್ದಾಗ ಸಂಸ್ಥೆ ಹೊರಗಿನವರನ್ನು ಕರೆಸಿತು. ಪಕ್ಕದ ಮಲೇಷ್ಯಾದಿಂದ ಬಂದ ಚಾಲಕರೂ ಇದ್ದರು.

ಆ ವರ್ಷದ ನವೆಂಬರ್ 26ರ ಸೋಮವಾರ ಬೆಳಿಗ್ಗೆ ಚೀನಾದ 171 ಚಾಲಕರು ತಮ್ಮ ವಸತಿಗೃಹಗಳಲ್ಲೇ ಉಳಿದರು, ಕೆಲಸಕ್ಕೆ ಹೋಗಲಿಲ್ಲ. ಮರುದಿನವೂ 88 ಮಂದಿ ಹೋಗಲಿಲ್ಲ. ಕಲ್ಲು ತೂರಲಿಲ್ಲ, ಬಸ್ಸಿಗೆ ಬೆಂಕಿ ಹಚ್ಚಲಿಲ್ಲ, ಬೀದಿಗಿಳಿದು ಘೋಷಣೆ ಕೂಗಲಿಲ್ಲ. ಬರುವುದಿಲ್ಲ ಎಂದರು, ಅಷ್ಟೇ. ಆದರೆ ಇಡೀ ದೇಶ ಬೆಚ್ಚಿಬಿತ್ತು. ಏಕೆಂದರೆ 1986ರ ನಂತರ, ಅಂದರೆ 26 ವರ್ಷಗಳಿಂದ, ಸಿಂಗಪುರದಲ್ಲಿ ಒಂದು ಮುಷ್ಕರವೂ ನಡೆದಿರಲಿಲ್ಲ.

ಅವರ ದೂರು ಏನಾಗಿತ್ತು? ಚೀನಾದ ಚಾಲಕನ ಮೂಲ ಸಂಬಳ ತಿಂಗಳಿಗೆ 1,075 ಸಿಂಗಪುರ ಡಾಲರ್. ಅದೇ ಬಸ್ಸನ್ನು, ಅದೇ ರಸ್ತೆಯಲ್ಲಿ ಓಡಿಸುವ ಮಲೇಷ್ಯಾದ ಚಾಲಕನಿಗೆ ಸುಮಾರು 1,400 ಡಾಲರ್. ಸಿಂಗಪುರದ ಪ್ರಜೆಗೆ ಅದಕ್ಕಿಂತಲೂ ಹೆಚ್ಚು. ಸಂಬಳ ಏರಿಸಿದಾಗಲೂ ಮಲೇಷ್ಯಾದವರಿಗಿಂತ ಚೀನಾದವರಿಗೆ ಕಡಿಮೆ ಏರಿಕೆ. ಇನ್ನೊಂದು ದೂರು ವಸತಿಯದು. ಒಂದೇ ಕೋಣೆಯಲ್ಲಿ ಹಲವರು, ಹಾಸಿಗೆಯಲ್ಲಿ ತಿಗಣೆ. ಬೇರೆ ಬೇರೆ ಪಾಳಿಯವರನ್ನು ಒಟ್ಟಿಗೆ ಮಲಗಿಸಿದ್ದರಿಂದ, ಒಬ್ಬ ಏಳುವಾಗ ಇನ್ನೊಬ್ಬನ ನಿದ್ದೆ ಕೆಡುತ್ತಿತ್ತು. ನಿದ್ದೆಗೆಟ್ಟ ಚಾಲಕನ ಹಿಂದೆ ಎಷ್ಟು ಜನ ಪ್ರಯಾಣಿಕರು ಕುಳಿತಿರುತ್ತಾರೆ ಎಂಬುದನ್ನು ಯೋಚಿಸಿ.

ನನ್ನ ತರಗತಿಯಲ್ಲಿ ಈ ಕಥೆ ಹೇಳಿದಾಗ ಒಬ್ಬ ಹುಡುಗ ಎದ್ದು, "ಸರ್, 1,075 ಡಾಲರ್ ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟು?" ಎಂದ. ಆಗಿನ ದರದಲ್ಲಿ ಸುಮಾರು 48,000 ರೂಪಾಯಿ ಎಂದೆ. "ಅಷ್ಟು ಬಂದ್ರೆ ಮುಷ್ಕರ ಯಾಕೆ ಸರ್?" ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಪರದೇಶಿಯನ್ನು ಬಾಯಿ ಮುಚ್ಚಿಸುವುದು ಇದೇ ಪ್ರಶ್ನೆ: ನಿನ್ನ ಊರಿನಲ್ಲಿ ಇಷ್ಟು ಸಿಗುತ್ತಿತ್ತೇ? ಊಟ, ಫೋನು, ಬಟ್ಟೆ ಕೊಳ್ಳುವುದು ಅಲ್ಲಿನ ಬೆಲೆಗೆ, ಹೋಲಿಕೆ ಮಾತ್ರ ಊರಿನ ಸಂಬಳಕ್ಕೆ. ಏಜೆಂಟನಿಗೆ ಕೊಟ್ಟ ಹಣದ ಸಾಲ ತೀರುವವರೆಗೆ ಸಂಬಳ ಪೂರ್ತಿ ತನ್ನದಲ್ಲ. ಈ ಪ್ರಶ್ನೆಗೆ ಉತ್ತರ ಇನ್ನೊಂದು ಪ್ರಶ್ನೆಯೇ: ಪಕ್ಕದ ಬಸ್ಸಿನ ಚಾಲಕ ಮಾಡುವ ಯಾವ ಕೆಲಸವನ್ನು ನಾನು ಮಾಡುತ್ತಿಲ್ಲ?

ಸಂಸ್ಥೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಚೀನಾದವರು 2 ವರ್ಷಗಳ ಕರಾರಿನ ಮೇಲೆ ಬಂದವರು, ಅವರ ವಸತಿ, ನೀರು, ದೀಪ, ಓಡಾಟದ ಖರ್ಚನ್ನು ನಾವೇ ನೋಡಿಕೊಳ್ಳುತ್ತೇವೆ, ಅದರ ಬೆಲೆ ತಿಂಗಳಿಗೆ ಸುಮಾರು 275 ಡಾಲರ್ ಎಂದು ಸಂಸ್ಥೆ ಹೇಳಿತು. ಲೆಕ್ಕ ಹಾಕಿ ನೋಡಿ. 1,075ಕ್ಕೆ 275 ಕೂಡಿಸಿದರೆ 1,350. ಆಗಲೂ 1,400 ಆಗುವುದಿಲ್ಲ. ಅದರ ಮೇಲೆ, ಆ 275 ಡಾಲರಿನ ವಸತಿಯಲ್ಲಿ ತಿಗಣೆ ಇತ್ತಲ್ಲ! ವಸತಿಯ ವ್ಯವಸ್ಥೆ ಸರಿಯಿರಲಿಲ್ಲವೆಂದು ಸಂಸ್ಥೆಯೇ ನಂತರ ಒಪ್ಪಿಕೊಂಡಿತು.

ಮುಂದೇನಾಯಿತು? ಸಿಂಗಪುರದ ಕಾನೂನಿನಂತೆ ಸಾರಿಗೆ ಅತ್ಯವಶ್ಯಕ ಸೇವೆ. 14 ದಿನ ಮೊದಲೇ ನೋಟಿಸು ಕೊಡದೆ ಮುಷ್ಕರ ಮಾಡಿದರೆ ಅಪರಾಧ. 29 ಚಾಲಕರ ಕೆಲಸದ ಪರವಾನಗಿ ರದ್ದಾಗಿ ಅವರನ್ನು ಚೀನಾಕ್ಕೆ ವಾಪಸು ಕಳಿಸಲಾಯಿತು. ಸುಮಾರು 150 ಮಂದಿಗೆ ಎಚ್ಚರಿಕೆ ಪತ್ರ ಸಿಕ್ಕಿತು. 5 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಅವರಲ್ಲಿ ಒಬ್ಬನಿಗೆ 2012ರ ಡಿಸೆಂಬರಿನಲ್ಲಿ 6 ವಾರ, ಉಳಿದ ನಾಲ್ವರಿಗೆ 2013ರ ಫೆಬ್ರವರಿಯಲ್ಲಿ 6ರಿಂದ 7 ವಾರಗಳ ಜೈಲು ಶಿಕ್ಷೆಯಾಯಿತು.

ಕಾನೂನು ಮುರಿದವರಿಗೆ ಶಿಕ್ಷೆಯಾಯಿತು, ಅದರಲ್ಲೇನು ತಪ್ಪು ಎಂದು ನೀವು ಕೇಳಬಹುದು. ಕಾನೂನಿಗೆ ಗೌರವ ಕೊಡಬೇಕು, ನಿಜ. ಬಸ್ಸು ನಿಂತರೆ ಆಸ್ಪತ್ರೆಗೆ ಹೋಗುವವರಿಗೆ, ಪರೀಕ್ಷೆಗೆ ಹೋಗುವವರಿಗೆ ಕಷ್ಟ. ನಮಗಿದು ಅನುಭವದಿಂದ ಗೊತ್ತು. 2021ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಸಾರಿಗೆ ನಿಗಮಗಳ ನೌಕರರು 6ನೇ ವೇತನ ಆಯೋಗದ ಸಂಬಳ ಬೇಕೆಂದು ಮುಷ್ಕರ ಹೂಡಿದಾಗ, ಎರಡು ವಾರಗಳ ಕಾಲ ಬಸ್ ನಿಲ್ದಾಣದಲ್ಲಿ ಪರದಾಡಿದವರಲ್ಲಿ ನಾನೂ ಒಬ್ಬ. ಆ ನೌಕರರೂ ವರ್ಗಾವಣೆ, ಅಮಾನತು, ವಜಾ ಎಲ್ಲ ಅನುಭವಿಸಿದರು. ಆದರೂ ಒಂದು ವ್ಯತ್ಯಾಸ ನೋಡಿ. ನಮ್ಮ ಚಾಲಕ ಮುಷ್ಕರದ ದಿನ ಸಂಜೆ ತನ್ನ ಮನೆಗೆ ಹೋಗುತ್ತಾನೆ. ಅವನಿಗೆ ವೋಟಿದೆ. ಅವನ ಪರವಾಗಿ ಮಾತನಾಡಲು ಊರಿನವರಿದ್ದಾರೆ, ಶಾಸಕರಿದ್ದಾರೆ, ಪತ್ರಿಕೆಗಳಿವೆ. ಸಿಂಗಪುರದ ಆ ಚಾಲಕನಿಗೆ ಮನೆ ಕೊಟ್ಟವನು ಮಾಲೀಕ, ದೇಶದಲ್ಲಿ ಉಳಿಯುವ ಪರವಾನಗಿಯೂ ಮಾಲೀಕನ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಹಾಸಿಗೆಯೂ ಹೋಯಿತು, ದೇಶವೂ ಹೋಯಿತು. ಅಲ್ಲಿನ ಕಾರ್ಮಿಕ ಸಂಘದಲ್ಲಿ ಚೀನಾದ ಚಾಲಕರು ಹೆಚ್ಚಾಗಿ ಸದಸ್ಯರಾಗಿರಲಿಲ್ಲ. 14 ದಿನಗಳ ನೋಟಿಸಿನ ನಿಯಮ ಅವರಿಗೆ ಯಾರು ತಿಳಿಸಿಕೊಡಬೇಕಿತ್ತು? ಹಕ್ಕು ಕೇಳುವ ಸರಿಯಾದ ದಾರಿ ಗೊತ್ತಿಲ್ಲದವನು ಹಕ್ಕನ್ನೂ ಕಳೆದುಕೊಳ್ಳುತ್ತಾನೆ, ಅಪರಾಧಿಯೂ ಆಗುತ್ತಾನೆ.

ಈಗ ಇನ್ನೊಂದು ಬಸ್ಸಿನ ಕಥೆ. ಇದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ್ದು, ಇನ್ನೂ ಹಳೆಯದು. ಸಿಂಗಪುರದಲ್ಲಿ ಹೊರಗಿನವನನ್ನು ಕಡಿಮೆ ಸಂಬಳಕ್ಕೆ ಕರೆಸಿದರು. ಬ್ರಿಸ್ಟಲ್‌ನಲ್ಲಿ ಅವನು ಬಸ್ಸು ಹತ್ತುವುದೇ ಬೇಡವೆಂದರು. ಅಲ್ಲಿ ವೆಸ್ಟ್ ಇಂಡೀಸಿನವರು, ಏಷ್ಯಾದವರು ಬಸ್ ಡಿಪೋದಲ್ಲಿ ಕಡಿಮೆ ಸಂಬಳದ ಕೆಲಸಕ್ಕೆ ಆಗಬಹುದಿತ್ತು, ಆದರೆ ಕಂಡಕ್ಟರ್ ಅಥವಾ ಡ್ರೈವರ್ ಆಗುವಂತಿರಲಿಲ್ಲ. ಬೇಸರದ ಸಂಗತಿಯೆಂದರೆ, 1955ರಲ್ಲಿ ಕರಿಯರು ಬಸ್ ಸಿಬ್ಬಂದಿಯಾಗುವುದು ಬೇಡವೆಂದು ನಿರ್ಣಯ ಮಾಡಿದವರು ಅಲ್ಲಿನ ಕಾರ್ಮಿಕ ಸಂಘದವರೇ. ವರ್ಣದ್ವೇಷ ಇತ್ತು. ಜೊತೆಗೆ ಒಂದು ಭಯವೂ ಇತ್ತು. ಅವರ ಮೂಲ ಸಂಬಳ ಕಡಿಮೆ, ಓವರ್‌ಟೈಮ್ ಮಾಡಿಯೇ ಮನೆ ನಡೆಯಬೇಕು. ಹೊರಗಿನವರು ಬಂದರೆ ಓವರ್‌ಟೈಮ್ ಹೋಗುತ್ತದೆ, ಸಂಬಳ ಇಳಿಯುತ್ತದೆ ಎಂದು ಹೆದರಿದರು.

1963ರ ಏಪ್ರಿಲ್ ಕೊನೆಯಲ್ಲಿ ಪಾಲ್ ಸ್ಟೀಫನ್ಸನ್ ಎಂಬ ತರುಣ ಮತ್ತು ಅವರ ಸಂಗಡಿಗರು ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. 4 ತಿಂಗಳ ನಂತರ, ಆಗಸ್ಟ್ 28ರಂದು, ಕಂಪನಿ ಮಣಿಯಿತು. ಸೆಪ್ಟೆಂಬರ್ 17ರಂದು ನೇಮಕವಾದ ಮೊದಲ ಬಿಳಿಯನಲ್ಲದ ಕಂಡಕ್ಟರ್ ಯಾರು ಗೊತ್ತೇ? ರಘ್‌ಬೀರ್ ಸಿಂಗ್ ಎಂಬ ಸಿಖ್ಖರು. 1965ರಲ್ಲಿ ಬ್ರಿಟನ್ನಿನಲ್ಲಿ ಜನಾಂಗ ತಾರತಮ್ಯದ ವಿರುದ್ಧ ಮೊದಲ ಕಾಯ್ದೆ ಬಂದಿತು. ಆ ಕಾರ್ಮಿಕ ಸಂಘದ ಉತ್ತರಾಧಿಕಾರಿಯಾದ ಯುನೈಟ್ ಎಂಬ ಸಂಘಟನೆ 50 ವರ್ಷಗಳ ನಂತರ, 2013ರಲ್ಲಿ, ಹಳೆಯ ತಪ್ಪಿಗಾಗಿ ಕ್ಷಮೆ ಕೇಳಿತು.

ಈ ಎರಡೂ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಒಂದೇ ಪಾಠ. ಸ್ಥಳೀಯ ಕಾರ್ಮಿಕನ ಭಯ ಸುಳ್ಳಲ್ಲ. ಆದರೆ ಅವನು ಹೆದರಬೇಕಾದ್ದು ಪರದೇಶಿಗಲ್ಲ, ಪರದೇಶಿಗೆ ಕಡಿಮೆ ಕೊಡಬಹುದು ಎಂಬ ಅನುಮತಿಗೆ. ಒಂದೇ ಕೆಲಸಕ್ಕೆ ಎರಡು ಬೆಲೆ ಇದ್ದರೆ ಮಾಲೀಕ ಅಗ್ಗದ ಬೆಲೆಗೆ ಕೈ ಹಾಕುತ್ತಾನೆ. ಆಗ ಸ್ಥಳೀಯನ ಸಂಬಳವೂ ಏರುವುದಿಲ್ಲ. ಇಬ್ಬರಿಗೂ ಒಂದೇ ಸಂಬಳ ಎಂದಾದರೆ, ಸಂಬಳ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಯಾರೂ ಯಾರನ್ನೂ ದ್ವೇಷಿಸಬೇಕಾಗಿಲ್ಲ. ಪರದೇಶಿಯ ನ್ಯಾಯವಾದ ಕೂಲಿಯೇ ಸ್ಥಳೀಯನ ಕೂಲಿಗೂ ರಕ್ಷಣೆ. ನಮ್ಮ ಊರುಗಳಿಗೆ ಬಿಹಾರ, ಒಡಿಶಾ, ಅಸ್ಸಾಮಿನಿಂದ ದುಡಿಯಲು ಬರುವವರ ವಿಷಯದಲ್ಲೂ ಈ ಮಾತು ನಿಜ. ನಮ್ಮ ಮನೆ ಕಟ್ಟುವಾಗ ಅವರಿಗೆ ನಾವು ಎಷ್ಟು ಕೊಡುತ್ತೇವೆ ಎಂದು ನಾವೇ ಕೇಳಿಕೊಳ್ಳಬೇಕು. ಗಲ್ಫಿನಲ್ಲಿ ನಮ್ಮ ಹುಡುಗನಿಗೆ ಅನ್ಯಾಯವಾದರೆ ಅಳುವ ನಾವು, ನಮ್ಮ ಅಂಗಳದ ಪರದೇಶಿಗೆ ಅನ್ಯಾಯ ಮಾಡಬಾರದು.

ಇನ್ನು ಕಾರ್ಯದರ್ಶಿಗಳು ಹೇಳಿದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಗಲ್ಫಿನಲ್ಲಿ ಡ್ರೈವರ್ ಕೆಲಸ ಸಿಕ್ಕಿದೆ, ಕರಾರುಪತ್ರ ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಸರ್ ಎಂದ. ನಾನು ಓದಿದೆ. ಸಂಬಳದ ಅಂಕಿ ನೋಡಿ, "ಒಳ್ಳೆಯದಿದೆ, ಹೋಗಿ ಬಾ" ಎಂದೆ. ಆ ಅಂಕಿಯಲ್ಲಿ ಮೂಲ ಸಂಬಳ ಎಷ್ಟು, ಊಟ-ವಸತಿಯ ಲೆಕ್ಕ ಎಷ್ಟು ಎಂದು ನಾನು ಕೇಳಲಿಲ್ಲ. ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಜಾಗ ಖಾಲಿಯಿತ್ತು, ಅದೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಇಳಿದ ಮೇಲೆ ಅವನಿಗೆ ಬೇರೆ ಕಾಗದ ಕೊಟ್ಟು ಸಹಿ ಹಾಕಿಸಿದರು. ಊರಿನಲ್ಲಿ ಹೇಳಿದ್ದಕ್ಕಿಂತ ಸಂಬಳ ಕಡಿಮೆ. ಸಾಲ ಇದ್ದುದರಿಂದ ಅವನು ಸುಮ್ಮನೆ ದುಡಿದ. ರಜೆಯ ಮೇಲೆ ಬಂದಾಗ ನನ್ನ ಮೇಲೆ ಸಿಟ್ಟಾಗಲಿಲ್ಲ, ಖರ್ಜೂರದ ಡಬ್ಬಿ ತಂದುಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡು ನನಗೆ ತಲೆ ಎತ್ತಲಾಗಲಿಲ್ಲ. ಬಿ.ಎಡ್. ಮಾಡಿದ ನನಗೇ ಒಂದು ಕರಾರುಪತ್ರ ಓದಲು ಬರಲಿಲ್ಲ!

ಅಂದಿನಿಂದ ನಾನು ಹತ್ತನೆಯ ತರಗತಿಯವರಿಗೆ ಪತ್ರಲೇಖನ ಕಲಿಸುವಾಗ ರಜೆ ಅರ್ಜಿಯ ಜೊತೆಗೆ ಕರಾರುಪತ್ರ ಓದುವುದನ್ನೂ ಕಲಿಸುತ್ತೇನೆ. ವಿದ್ಯಾರ್ಥಿಗಳೇ, ಕೆಲವು ಮಾತು ಬರೆದುಕೊಳ್ಳಿ. ಹತ್ತನೆಯ ತರಗತಿ ಪಾಸಾಗುವವರೆಗೆ ಓದು ಬಿಡಬೇಡಿ. ಎಸ್ಎಸ್ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಗಲ್ಫ್ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು. ಇದು ಅವಮಾನವಲ್ಲ, ರಕ್ಷಣೆ. ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವ ಏಜೆಂಟನನ್ನು ನಂಬಬೇಡಿ. ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಎಂಬ ಸರ್ಕಾರಿ ತಾಣದಲ್ಲಿ ನೋಡಬಹುದು. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಮೂಲ ಸಂಬಳ, ದುಡಿಮೆಯ ಗಂಟೆ, ಓವರ್‌ಟೈಮ್, ವಸತಿ, ರಜೆ, ವಾಪಸು ಟಿಕೆಟ್, ಈ ಆರನ್ನೂ ಓದದೆ ಸಹಿ ಹಾಕಬೇಡಿ. ಕರಾರಿನ ಒಂದು ಪ್ರತಿ ಅಮ್ಮನ ಹತ್ತಿರ ಇರಲಿ. ಹೋಗುವ ದೇಶದಲ್ಲಿ ಮುಷ್ಕರಕ್ಕೆ ಅವಕಾಶವಿದೆಯೇ, ದೂರು ಕೊಡುವ ಕಚೇರಿ ಯಾವುದು, ನಮ್ಮ ರಾಯಭಾರ ಕಚೇರಿ ಎಲ್ಲಿದೆ ಎಂದು ವಿಮಾನ ಹತ್ತುವ ಮೊದಲೇ ತಿಳಿದುಕೊಳ್ಳಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನ ಕೊಡುವ ನಮ್ಮ ಸಂಘ ತಿಂಗಳಿಗೆ ಒಂದು ಭಾನುವಾರ ಹೊರದೇಶಕ್ಕೆ ಹೋಗುವವರ ಕರಾರುಪತ್ರ ಓದಿ ಹೇಳುವ ಏರ್ಪಾಡು ಮಾಡಲಿ. ಕಾನೂನು ಬಲ್ಲ ಒಬ್ಬ ವಕೀಲರು, ಅಲ್ಲಿ ದುಡಿದು ಬಂದ ಒಬ್ಬರು ಕುಳಿತರೆ ಸಾಕು. ಕುರ್ಚಿ ಹಾಕಲು, ಚಹಾ ತರಲು ನಾನು ಬರುತ್ತೇನೆ. ಖರ್ಚಿಲ್ಲದ ಕೆಲಸ, ಆದರೆ ಒಂದು ಮನೆಯನ್ನು ಸಾಲದಿಂದ ಉಳಿಸಬಹುದು.

ನಮ್ಮ ಮಕ್ಕಳು ದುಡಿಯಲು ಹೋಗುತ್ತಾರೆ. ಹೋಗಲಿ, ದುಡಿಮೆಯಲ್ಲಿ ನಾಚಿಕೆಯಿಲ್ಲ. ಆದರೆ ಅವರು ಉರ್ದುವಿನ ಪರ್ದೇಸಿಯಾಗಿಯೇ ಇರಲಿ, ಕನ್ನಡದ ಪರದೇಸಿ ಆಗುವುದು ಬೇಡ. ಅದಕ್ಕಾಗಿಯೇ ಓದು ಬೇಕು.