ತಿಮ್ಮಯ್ಯನವರನ್ನು ನೆನೆಯುವಾಗ ಮನೆಯವರನ್ನೂ ನೆನೆಯೋಣ

ಅಬಿಡ್ಸ್‌ಗೆ ಬಂದಿದ್ದಕ್ಕೆ ಥ್ಯಾಂಕ್ಸ್. ಭಾನುವಾರ ಹೈಟೆಕ್ ಸಿಟಿಯಿಂದ ಇಷ್ಟು ದೂರ ಬರೋದು ಅಂದ್ರೆ ಸುಮ್ನೆ ಅಲ್ಲ. ಮಾತು ಮುಗಿದ ಮೇಲೆ ಹೊರಗೆ ಫುಟ್‌ಪಾತ್ ಮೇಲಿನ ಹಳೇ ಪುಸ್ತಕಗಳನ್ನೂ ನೋಡ್ಕೊಂಡು ಹೋಗಿ.

ಇವತ್ತು ಮಾತಾಡ್ತಿರೋದು ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಬಗ್ಗೆ. ಕೊಡಗಿನವರಿಗೂ ಅಬಿಡ್ಸ್‌ಗೂ ಏನು ಸಂಬಂಧ ಅಂತೀರಾ? ಇಲ್ಲಿಂದ ಹತ್ತಿರದಲ್ಲೇ ಮೊದಲು ಕೋಠಿ ಮಹಿಳಾ ಕಾಲೇಜಾಗಿದ್ದ ಆವರಣ ಇದೆಯಲ್ಲ, ಅದು ಹಿಂದಿನ ಬ್ರಿಟಿಷ್ ರೆಸಿಡೆನ್ಸಿ. ಅಲ್ಲಿ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್ 1813ರಲ್ಲಿ ನಿಜಾಮರಿಗಾಗಿ ಒಂದು ಪಡೆ ಕಟ್ಟಿದ. ಅದೇ ಬೆಳೆದು ಹೈದರಾಬಾದ್ ರೆಜಿಮೆಂಟ್ ಆಯ್ತು. 1945ರಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಅಂತ ಹೆಸರಿಟ್ಟರು. ತಿಮ್ಮಯ್ಯನವರು ಬೆಳೆದದ್ದು ಈ ರೆಜಿಮೆಂಟಿನಲ್ಲಿ.

ಹುಟ್ಟಿದ್ದು 1906, ಮಡಿಕೇರಿ. ಮನೆಯವರಿಗೆ 'ದುಬ್ಬು'. ಅವರ ಸಾಧನೆ ಗೂಗಲ್ ಮಾಡಿದ್ರೆ ಸಿಗುತ್ತೆ. 1948ರ ನವೆಂಬರ್‌ನಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು, 1953ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ವಾಪಸ್ ಕಳಿಸುವ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರ ಹುದ್ದೆ. ಇವೆಲ್ಲ ಗೊತ್ತಿರೋದೇ. ನಾನು ಹೇಳಬೇಕಂತಿರೋದು ಆ ಮನೆಯ ಕಥೆ.

1935ರ ಜನವರಿಯಲ್ಲಿ ತಿಮ್ಮಯ್ಯನವರು ನೀನಾ ಅವರನ್ನು ಮದುವೆಯಾದರು. ಪೋಸ್ಟಿಂಗ್ ಕ್ವೆಟ್ಟಾದಲ್ಲಿ, ಈಗಿನ ಪಾಕಿಸ್ತಾನ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ, ಮೇ 31ರ ನಸುಕಿನಲ್ಲಿ ಭೂಕಂಪ. ಊರಿಗೆ ಊರೇ ಕುಸಿದು ಸಾವಿರಾರು ಜನ ಸತ್ತರು. ಹೊಸ ಮದುಮಗಳು, ಗುರುತಿಲ್ಲದ ಊರು. ಆದ್ರೂ ನೀನಾ ಪರಿಹಾರದ ಕೆಲಸಕ್ಕೆ ಇಳಿದರು. ಅದಕ್ಕಾಗಿ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು. ಮುಂದಿನ ವರ್ಷ ಮಗಳು ಮಿರೆಯ್ ಹುಟ್ಟಿದಳು.

ಇನ್ನು ಒಡಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕರಾಗಿ ಬರ್ಮಾದಲ್ಲಿ ಹೋರಾಡಿದರು. ಅವರ ಅಣ್ಣ ಪೊನ್ನಪ್ಪ ನೇತಾಜಿಯವರ ಐಎನ್‌ಎ ಸೇರಿದ್ದರು. ಒಂದೇ ಮನೆಯ ಮಕ್ಕಳು, ಎದುರುಬದುರು ಪಾಳಯ. ಮನೆಯವರು ಯಾರ ಗೆಲುವಿಗೆ ಅಂತ ಹರಕೆ ಹೊರಬೇಕು ಹೇಳಿ? ಯುದ್ಧ ಮುಗಿದು ದೇಶ ಸ್ವತಂತ್ರವಾಯ್ತು. 1947-48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ತಮ್ಮ ಸೋಮಯ್ಯ ನೆಲಬಾಂಬಿಗೆ ಬಲಿಯಾದರು. ಅದೇ ಕಾಶ್ಮೀರದಲ್ಲಿ ತಿಮ್ಮಯ್ಯನವರು ಡಿವಿಷನ್ ನಡೆಸಬೇಕಿತ್ತು.

1961ರಲ್ಲಿ ನಿವೃತ್ತಿ. ಆದ್ರೆ ಮನೆಯವರಿಗೆ ಅವರು ಪೂರ್ತಿ ಸಿಕ್ಕಿದ್ದು ಮೂರೇ ವರ್ಷ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಹೊಣೆ ಹೊತ್ತು ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ಕರ್ತವ್ಯದಲ್ಲಿರುವಾಗ ತೀರಿಕೊಂಡರು. ವಯಸ್ಸು 59. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂತು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು.

ನಾವೂ ಊರು ಬಿಟ್ಟವರೇ. ಆದ್ರೆ ನಮ್ಮದನ್ನು ಅವರದಕ್ಕೆ ಹೋಲಿಸೋದು ಬೇಡ. ನಮಗೆ ವಿಡಿಯೋ ಕಾಲ್ ಇದೆ, ಬೇಡ ಅನ್ನಿಸಿದ್ರೆ ಪೇಪರ್ ಹಾಕಬಹುದು. ಸೈನಿಕನ ಮನೆಯವರಿಗೆ ಆ ಆಯ್ಕೆ ಇರಲ್ಲ. ಎದೆ ಮೇಲಿನ ಪದಕ ಫೋಟೋದಲ್ಲಿ ಕಾಣುತ್ತೆ. ಟ್ರಂಕ್ ಕಟ್ಟಿ, ಮಗುವಿನ ಸ್ಕೂಲ್ ಬದಲಿಸಿ, ತಂತಿ ಬಂದರೆ ಎದೆ ಗಟ್ಟಿ ಮಾಡ್ಕೊಂಡು ಒಡೀತಿದ್ದೋರು ಫೋಟೋದಲ್ಲಿ ಕಾಣಲ್ಲ. ಸೈನಿಕನ ಬದುಕು ನೆನೆಯೋದು ಅಂದ್ರೆ ಅವರನ್ನೂ ಲೆಕ್ಕಕ್ಕೆ ತಗೊಳ್ಳೋದು.

ಹಾಗಾಗಿ ಎರಡು ಕೆಲಸ ಹೇಳ್ತೀನಿ. ಮುಂದಿನ ಸಲ ಮಡಿಕೇರಿಗೆ ಹೋದಾಗ ರಾಜಾಸೀಟ್ ನೋಡಿ ವಾಪಸ್ ಬರಬೇಡಿ. ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರ್ಕೊಂಡು ಹೋಗಿ. ಎರಡನೇದು, ಸೈನಿಕಪುರಿಯಲ್ಲೋ ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ನಿವೃತ್ತ ಸೈನಿಕರಿದ್ದರೆ ಹೋಗಿ ಮಾತಾಡಿಸಿ. ಅಂಕಲ್ ಯುದ್ಧದ ಕಥೆ ಹೇಳಿ ಮುಗಿಸಿದ ಮೇಲೆ, ಟೀ ತಂದುಕೊಟ್ಟ ಆಂಟಿಯನ್ನೂ ಕೇಳಿ: "ಆಗ ನೀವೆಲ್ಲಿದ್ರಿ? ಹೇಗೆ ನಿಭಾಯಿಸಿದ್ರಿ?" ಅವರು ಒಪ್ಪಿದ್ರೆ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಆ ಕಥೆಗಳು ಯಾವ ಪುಸ್ತಕದ ಅಂಗಡಿಯಲ್ಲೂ ಸಿಗಲ್ಲ.