ಸಿ ಫಾರ್ಮಿನ ಹಿಂದಿನ ಕತೆ

ರಾಜಾಜಿನಗರದ ಯಾವುದಾದರೂ ಹಳೇ ಲಾಡ್ಜಿಗೆ ಹೋಗಿ. ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರು, ದಾರಕ್ಕೆ ಕಟ್ಟಿದ ಪೆನ್ನು. ವಿದೇಶಿಯರು ಬಂದರೆ ಮಾತ್ರ ಮ್ಯಾನೇಜರು ಇನ್ನೊಂದು ಕಾಗದ ತೆಗೆಯುತ್ತಿದ್ದರು: ಸಿ ಫಾರ್ಮ್. ಇಪ್ಪತ್ನಾಲ್ಕು ಗಂಟೆಯೊಳಗೆ ಅದು ನೋಂದಣಿ ಅಧಿಕಾರಿಗೆ ಮುಟ್ಟಬೇಕು. ಈಗ ಎಲ್ಲ ಆನ್‌ಲೈನ್.

ಬ್ರಿಟಿಷರು ವಿದೇಶಿಯರ ಕಾಯ್ದೆ ಮಾಡಿದ್ದು 1864ರಲ್ಲಿ. 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ, 1939ರಲ್ಲಿ ನೋಂದಣಿ ಕಾಯ್ದೆ ಬಂದವು. ಎಲ್ಲಕ್ಕಿಂತ ಬಿಗಿ 1946ರದು. ಅದರ 7ನೇ ಕಲಂ ತಂಗಲು ಜಾಗ ಕೊಟ್ಟವರ ಮೇಲೆ ಮಾಹಿತಿ ಕೊಡುವ ಹೊಣೆ ಹೊರಿಸಿತು. 9ನೇ ಕಲಂ ಇನ್ನೂ ಖಾರ: ತಾನು ವಿದೇಶಿಯಲ್ಲವೆಂದು ಆ ವ್ಯಕ್ತಿಯೇ ರುಜುವಾತು ಮಾಡಬೇಕು. ಜನನ ಪತ್ರವೇ ಇಲ್ಲದ ನಮ್ಮ ಅಜ್ಜಿಯರು ಏನು ತೋರಿಸುತ್ತಿದ್ದರೋ!

ಒಂದು ತಮಾಷೆಯೂ ಇದೆ. ದೇಶ ಇಬ್ಭಾಗವಾದ ಮೇಲೂ, 1957ರ ತಿದ್ದುಪಡಿಯವರೆಗೆ, ಪಾಕಿಸ್ತಾನಿಯರು ಈ ಕಾಯ್ದೆಯ ಲೆಕ್ಕದಲ್ಲಿ ವಿದೇಶಿಯರೇ ಆಗಿರಲಿಲ್ಲ. ಇನ್ನು 'ನಿರಾಶ್ರಿತ' ಅನ್ನುವ ಪದಕ್ಕೆ 1946ರ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಹಾಗಿದ್ದೂ ಪೂರ್ವ ಬಂಗಾಳದಿಂದ ಬಂದವರಿಗೆ ಸರ್ಕಾರವೇ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೆಂದರೆ ಅಲ್ಲಿ ಇವತ್ತಿಗೂ ಎಲ್ಲರಿಗೂ ಗೊತ್ತು.

ಬರಬರುತ್ತಾ ಕಾನೂನಿನ ಕಣ್ಣು ನೆರವಾದವರ ಮೇಲೂ ಬಿತ್ತು. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದ ವಿಮಾನ, ಹಡಗು ಕಂಪನಿಗಳಿಗೆ 2000ದ ಕಾಯ್ದೆ ಒಂದು ಲಕ್ಷ ರೂಪಾಯಿ ದಂಡ ಇಟ್ಟಿತು. 2004ರ ತಿದ್ದುಪಡಿ ಕುಮ್ಮಕ್ಕು ಕೊಟ್ಟವರಿಗೂ ಅಪರಾಧಿಯಷ್ಟೇ ಶಿಕ್ಷೆ ಎಂದಿತು. 2025ರ ಸೆಪ್ಟೆಂಬರ್ 1ರಿಂದ 1920, 1939, 1946, 2000ದ ಹಳೆಯ ನಾಲ್ಕೂ ಕಾಯ್ದೆಗಳ ಜಾಗಕ್ಕೆ ಒಂದೇ ಹೊಸ ಕಾಯ್ದೆ ಬಂದಿದೆ: ಪಾಸ್‌ಪೋರ್ಟಿಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ರುಜುವಾತಿನ ಭಾರ ಮಾತ್ರ ಇದ್ದಲ್ಲೇ ಇದೆ. ಸಿಕ್ಕಿಬಿದ್ದವರನ್ನು ಇಡಲು ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ, ಹಿಂದೆ ಹಾಸ್ಟೆಲ್ ಆಗಿದ್ದ ಕಟ್ಟಡವೊಂದಿದೆ.

ಕೆಂಗೇರಿ ಕಡೆಯ ಶೆಡ್ಡುಗಳಲ್ಲಿ ಬಂಗಾಳಿ ಮಾತು ಕಿವಿಗೆ ಬಿದ್ದರೆ ಸಾಕು, 'ಬಾಂಗ್ಲಾದವರು' ಅಂದುಬಿಡುತ್ತೇವೆ. ಬಂಗಾಳಿ ಮಾತಾಡುವ ಮುರ್ಷಿದಾಬಾದ್, ನದಿಯಾ ನಮ್ಮ ದೇಶದ ಜಿಲ್ಲೆಗಳೇ ಸ್ವಾಮಿ. ಕಾನೂನು ನಿಮ್ಮನ್ನು ಕೇಳುವುದು ವಿದೇಶಿ ಅತಿಥಿಯ ಮಾಹಿತಿಯನ್ನು; ಪೌರತ್ವದ ತೀರ್ಪನ್ನಲ್ಲ. ಪೀಜಿ, ಲಾಡ್ಜು ನಡೆಸುವವರು ವಿದೇಶಿ ಅತಿಥಿ ಬಂದ ದಿನವೇ ಫಾರ್ಮು ತುಂಬಿಬಿಡಿ. ಅನುಮಾನವಿದ್ದರೆ ವಿದೇಶಿಯರ ನೋಂದಣಿ ಕಚೇರಿ ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲೇ ಇದೆ, ವಿಚಾರಿಸಿ.